ಗೋಡೆಗೆ ಬಂದ ಸುಂದರಕಾಂಡ: ತೊಗಲುಗೊಂಬೆಯ ಒಂದು ಪ್ರಕರಣ

ಉತ್ತರ ಕರ್ನಾಟಕದ ಒಂದು ತೊಗಲುಗೊಂಬೆ ಮನೆತನ, ಪ್ರವಾಸಿಗರು ಬಂದುಹೋಗುವ ಪಟ್ಟಣದ ಒಂದು ಹೋಟೆಲು, ಬೆಂಗಳೂರಿನ ಒಬ್ಬ ಒಳಾಂಗಣ ವಿನ್ಯಾಸಕಿ. ಈ ಮೂವರ ನಡುವೆ ನಡೆದ ಒಂದು ಕೆಲಸದ ವಿವರ ಇದು. ಕೆಲಸದ ಉದ್ದಕ್ಕೂ ನಾನು ದಾಖಲಾತಿಗೆಂದು, ಆಗಾಗ ದುಭಾಷಿಯಾಗಿಯೂ ಜೊತೆಗಿದ್ದೆ. ದುಭಾಷಿ ಅಂದದ್ದು ತಮಾಷೆಗಲ್ಲ: ಈ ಮನೆಯವರು ತಮ್ಮತಮ್ಮೊಳಗೆ ಆಡುವುದು ಮರಾಠಿಯ ಒಂದು ಬಗೆ, ಆಟ ಆಡಿಸುವುದು ಕನ್ನಡದಲ್ಲಿ, ವಿನ್ಯಾಸಕಿಯ ಕನ್ನಡದಲ್ಲಿ ಅರ್ಧ ಇಂಗ್ಲಿಷು. ಊರು, ಜಿಲ್ಲೆ, ಹಣದ ಮೊತ್ತ ಯಾವುದನ್ನೂ ಇಲ್ಲಿ ಹೇಳಿಲ್ಲ. ಜನರ ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.

ಹಿನ್ನೆಲೆ

ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದು ಊರಿಗೊಂದು ಹೆಸರಿನಲ್ಲಿ ಕರೆಸಿಕೊಳ್ಳುವ ಸಮುದಾಯದ ಆಟ ಇದು. ಕಂಬಳಿ ಸುತ್ತಿದ ಸಣ್ಣ ರಂಗ, ಮುಂದೆ ಬಿಗಿಯಾಗಿ ಕಟ್ಟಿದ ಬಿಳಿ ಬಟ್ಟೆ, ಒಳಗೆ ದೀಪ. ದೀಪಕ್ಕೂ ಬಟ್ಟೆಗೂ ನಡುವೆ ತೊಗಲಿನ ಚಿತ್ರ. ರಾಮಾಯಣ, ಮಹಾಭಾರತದ ಪ್ರಸಂಗಗಳೇ ಹೆಚ್ಚು. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ ಇನ್ನೂ ಕೆಲವು ಹಳ್ಳಿಗಳಲ್ಲಿ ಉಳಿದಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ಒಂದು ವಾರ ಈ ಕಲೆಯ ಬಗ್ಗೆ ಬರೆದವು. ಆಮೇಲೆ ಎಂದಿನಂತೆ ಮೌನ.

ನಮ್ಮ ಪ್ರಕರಣದ ಮನೆಯಲ್ಲಿ ಗೊಂಬೆ ಕೆಲಸ ಬಲ್ಲವರು ಮೂವರು. ಅಜ್ಜ ಆಟ ಆಡಿಸುವವರು, ಹಾಡು ಮಾತು ಎಲ್ಲ ಬಾಯಿಪಾಠ. ಅವರ ಸೊಸೆ ತೊಗಲು ಹೆರೆದು ಒಣಗಿಸುವುದರಿಂದ ಹಿಡಿದು ಬಣ್ಣ ತುಂಬುವವರೆಗೆ ಕೈಕೆಲಸವೆಲ್ಲ ಬಲ್ಲವರು. ಆಟದ ಹೊತ್ತಿಗೆ ಪರದೆಯ ಹಿಂದೆ ಕೂತು ಸೀತೆ, ಮಂಡೋದರಿಯರಿಗೆ ದನಿ ಕೊಡುವವರೂ ಅವರೇ. ಮೊಮ್ಮಗ ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಬ್ಯಾನರ್ ಅಂಗಡಿಯಲ್ಲಿ ದುಡಿಯುತ್ತಿದ್ದ ಹುಡುಗ. ವರ್ಷಕ್ಕೆ ಬೆರಳೆಣಿಕೆಯ ಆಟ, ಅದೂ ಇಲಾಖೆಯ ಉತ್ಸವಗಳಲ್ಲಿ ಅರ್ಧ ಗಂಟೆಗೆ ಮೊಟಕಾದದ್ದು.

ಇನ್ನು ಗೊಂಬೆ ಕಟ್ಟು. ಹಳೆಯ ಬಿದಿರು ಪೆಟ್ಟಿಗೆಯೊಂದರಲ್ಲಿ ಒಂದರ ಮೇಲೊಂದು ಹಾಸಿಟ್ಟ ಚಿತ್ರಗಳು. ಆಂಧ್ರದ ತೋಲುಬೊಮ್ಮಲಾಟದ ಗೊಂಬೆಗಳಿಗೆ ಕೈ, ಕಾಲು, ಕುತ್ತಿಗೆ ಬೇರೆ ಬೇರೆಯಾಗಿ ಹೊಲಿದ ಕೀಲುಗಳಿರುತ್ತವೆ, ಆಳೆತ್ತರಕ್ಕೂ ಬೆಳೆಯುತ್ತವೆ. ನಮ್ಮ ಕಡೆಯ ಗೊಂಬೆಗಳಲ್ಲಿ ಬಹಳಷ್ಟಕ್ಕೆ ಕೀಲು ಕಡಿಮೆ. ಒಂದೇ ತೊಗಲಿನ ಮೇಲೆ ಮರ, ಮರದ ಕೆಳಗೆ ಸೀತೆ, ಸುತ್ತ ರಾಕ್ಷಸಿಯರು ಎಲ್ಲ ಸೇರಿದ ಇಡೀ ದೃಶ್ಯವೇ ಇರುವುದುಂಟು. ಗೊಂಬೆ ಅನ್ನುವುದಕ್ಕಿಂತ ಬೆಳಕಿಗೆ ಹಿಡಿಯುವ ಚಿತ್ರ ಅನ್ನುವುದೇ ಸರಿ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹ ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ಆ ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾಯರು ಊರೂರು ಅಲೆದು ಈ ಚಿತ್ರಗಳನ್ನು ಕೂಡಿಹಾಕದಿದ್ದರೆ ಹೋಲಿಸಿ ನೋಡಲೂ ನಮಗೆ ಏನೂ ಉಳಿಯುತ್ತಿರಲಿಲ್ಲ.

ಕೇಳಿದ್ದು

ಹೋಟೆಲಿನವರಿಗೆ ಸ್ವಾಗತ ಕೋಣೆಯ ಉದ್ದ ಗೋಡೆಗೆ ಸುಂದರಕಾಂಡ ಬೇಕಿತ್ತು. ಹನುಮಂತ ಸಮುದ್ರ ಹಾರುವುದರಿಂದ ಲಂಕಾದಹನದವರೆಗೆ. ಹಂಪಿಯ ಎದುರಿನ ಆನೆಗೊಂದಿ ಸೀಮೆಯನ್ನೇ ಕಿಷ್ಕಿಂಧೆ ಎಂದು ನಂಬುವ ನಾಡಿನಲ್ಲಿ ಇದು ಸಹಜ ಆಯ್ಕೆ. ವಿನ್ಯಾಸಕಿ ತಂದಿದ್ದ ಮಾದರಿಗಳು ಎರಡು. ಒಂದು, ಆಂಧ್ರದ ಧರ್ಮಾವರದ ಹತ್ತಿರದ ನಿಮ್ಮಲಕುಂಟದಲ್ಲಿ ಕೊಂಡ, ದೀಪಕ್ಕೆ ಮುಚ್ಚುವ ತೊಗಲಿನ ಹೊದಿಕೆ. ಇನ್ನೊಂದು, ಕಾಸರಗೋಡು ಕಡೆಯ ಕುಂಬಳೆಯ ಕರಣ್ ಆಚಾರ್ಯ 2015ರಲ್ಲಿ ಬಿಡಿಸಿದ, ಕಾರುಗಳ ಹಿಂಗಾಜಿನ ಮೇಲೆ ದೇಶವೆಲ್ಲ ಓಡಾಡಿದ ಆ ಕೇಸರಿ ಕಪ್ಪಿನ ಹುಬ್ಬುಗಂಟಿಕ್ಕಿದ ಹನುಮ. ‘ಕಲೆ ಅವರದೇ ಇರಲಿ, ಮುಖ ಮಾತ್ರ ಈಗಿನವರಿಗೆ ಗುರುತು ಸಿಗುವ ಹಾಗಿರಲಿ’ ಎಂಬುದು ಅವರ ಬೇಡಿಕೆ.

ಕೇಳಿದ್ದು ತಪ್ಪೇನಲ್ಲ. ಮಹಾಕಾವ್ಯದ ಚಿತ್ರ ಪ್ರತಿ ಕಾಲದಲ್ಲೂ ಆ ಕಾಲದ ಮುಖ ಹೊತ್ತು ಬಂದಿದೆ. ರವಿವರ್ಮನ ಶಿಲಾಮುದ್ರಣದ ದೇವಿಯರು ನಮ್ಮ ಅಜ್ಜಿಯರ ಕಾಲದ ದೇವರಮನೆಗಳನ್ನೆಲ್ಲ ಹೊಕ್ಕಾಗ ಅದೂ ಹೊಸ ಮುಖವೇ ಆಗಿತ್ತು. ತೊಡಕಿದ್ದದ್ದು ಬೇರೆ ಕಡೆ: ಈ ಚಿತ್ರ ಹಿಂದಿನಿಂದ ಬೆಳಕು ಬಿದ್ದಾಗ ಮಾತ್ರ ಚಿತ್ರ. ಗೋಡೆಗೆ ನೇತುಹಾಕಿ ಮುಂದಿನಿಂದ ನೋಡಿದರೆ ಅದು ಕಂದು ಬಣ್ಣದ, ಅಲ್ಲಲ್ಲಿ ಕಪ್ಪಿಟ್ಟ ಒಣ ತೊಗಲು. ಒಪ್ಪಂದದ ಕಾಗದದಲ್ಲಿ ಅಡಿ, ಅಂಗುಲ, ದೃಶ್ಯಗಳ ಪಟ್ಟಿ, ಮುಗಿಸಬೇಕಾದ ತಿಂಗಳು ಎಲ್ಲ ಇತ್ತು. ದೀಪ ಎಲ್ಲಿರುತ್ತದೆ ಎಂಬುದೊಂದಿರಲಿಲ್ಲ.

ಮೊದಲ ಮಾದರಿ

ತೊಗಲು ತರುವಲ್ಲೇ ಮೊದಲ ಪಾಠವಾಯಿತು. ಹದಗಾರಿಕೆ ಕಾರ್ಖಾನೆಯಿಂದ ಬಂದ ಚರ್ಮ ಈ ಕೆಲಸಕ್ಕೆ ನಡೆಯುವುದಿಲ್ಲ. ಚಪ್ಪಲಿ, ಚೀಲಕ್ಕೆಂದು ಹದ ಮಾಡಿದ್ದರಲ್ಲಿ ಬೆಳಕು ಹಾಯುವುದಿಲ್ಲ. ಬೇಕಾದದ್ದು ಹಸಿ ಆಡಿನ ತೊಗಲು. ನೆನೆಸಿ, ಕೂದಲು ಹೆರೆದು, ಒಳಬದಿಯ ಮಾಂಸದ ಪೊರೆ ತೆಗೆದು, ಎಳೆದು ಮೊಳೆ ಹೊಡೆದು ಒಣಗಿಸಿದರೆ ಅದು ಎಣ್ಣೆ ಹಚ್ಚಿದ ಕಾಗದದಂತೆ ಅರೆಪಾರದರ್ಶಕವಾಗುತ್ತದೆ. ಕಸಾಯಿ ಅಂಗಡಿಯವರು ಹಸಿ ತೊಗಲನ್ನು ಸಗಟು ವ್ಯಾಪಾರಿಗೆ ಮುಂಗಡವಾಗಿ ಬರೆದುಕೊಟ್ಟಿರುತ್ತಾರೆ. ಮೊಮ್ಮಗ ಬೆಳಗಿನ ಜಾವ ಅಂಗಡಿ ಮುಂದೆ ನಿಂತು ಕಾಡಿ ಬೇಡಿ ತರಬೇಕಾಯಿತು. ಹೆರೆಯುವಾಗ ಕತ್ತಿ ತುಸು ಆಳಕ್ಕೆ ಹೋದರೆ ತೂತು, ಆ ತೊಗಲು ಸಣ್ಣ ಮಂಗಗಳಿಗೆ ಮಾತ್ರ ಉಪಯೋಗ. ಕೆಲಸದ ಬೆಲೆ ಕಟ್ಟುವಾಗ ಈ ಹಾಳಾಗುವ ಲೆಕ್ಕವನ್ನು ಯಾರೂ ಹಿಡಿದಿರಲಿಲ್ಲ.

ಮುಂದಿನಿಂದಲೂ ಚೆನ್ನಾಗಿ ಕಾಣಲಿ ಎಂದು ವಿನ್ಯಾಸಕಿ ಅಕ್ರಿಲಿಕ್ ಬಣ್ಣ ಸೂಚಿಸಿದರು. ಮೊಮ್ಮಗನಿಗೆ ಅದು ಅಭ್ಯಾಸದ ಬಣ್ಣ. ಹುಬ್ಬುಗಂಟಿನ ಹನುಮನನ್ನು ನೇರ ಮುಖದಲ್ಲಿ, ಕೆನ್ನೆಗೆ ನೆರಳು ಕೊಟ್ಟು ಬಿಡಿಸಿದ. ಹಗಲಿನಲ್ಲಿ ನೋಡಿದವರೆಲ್ಲ ಹೊಗಳಿದರು. ಸಂಜೆ ಹಿಂದೊಂದು ಬಲ್ಬು ಹಚ್ಚಿದರೆ ಮುಖವೇ ಇಲ್ಲ. ಅಕ್ರಿಲಿಕ್ ತೊಗಲಿನ ಮೇಲೆ ಪದರವಾಗಿ ಕೂರುತ್ತದೆ, ಬೆಳಕನ್ನು ತಡೆಯುತ್ತದೆ. ಕಪ್ಪು ಮುದ್ದೆಯ ನಡುವೆ ಉಳಿಯಿಂದ ಕೊರೆದ ತೂತುಗಳಷ್ಟೇ ಮಿನುಗಿದವು.

ಅಜ್ಜ ನೋಡಿ ನಕ್ಕರು. ‘ಹಗಲೆಲ್ಲ ಹಣಮಪ್ಪ, ರಾತ್ರಿ ಆತಂದ್ರ ಕಾಗಿ!’

ಹುಡುಗನಿಗೆ ಅವಮಾನವಾಯಿತು, ಎರಡು ದಿನ ಮಾತು ಬಿಟ್ಟ. ಆದರೆ ಆ ಮಾದರಿ ಕೆಟ್ಟದ್ದೇ ಒಳ್ಳೆಯದಾಯಿತು ಎನ್ನುತ್ತೇನೆ. ‘ನಮ್ಮ ಸಂಪ್ರದಾಯದಲ್ಲಿ ಹನುಮ ಹೀಗಿಲ್ಲ’ ಎಂದು ಅಜ್ಜ ಹೇಳಿದ್ದರೆ ವಿನ್ಯಾಸಕಿ ಗೌರವದಿಂದ ತಲೆಯಾಡಿಸಿ, ಆಮೇಲೆ ಹುಡುಗನಿಗೆ ಫೋನು ಮಾಡುತ್ತಿದ್ದರು. ಬಲ್ಬಿನ ಮುಂದೆ ಹಾಗೆ ಮಾಡುವಂತಿರಲಿಲ್ಲ. ನೆರಳು ಕೊಟ್ಟು ಉಬ್ಬುತಗ್ಗು ತೋರಿಸುವುದು ಮುಂದಿನಿಂದ ನೋಡುವ ಚಿತ್ರದ ಹಾದಿ. ಬೆಳಕು ತೊಗಲಿನೊಳಗಿಂದಲೇ ಬರುವಾಗ ಕೆಲಸ ಮಾಡುವುದು ಗೆರೆ, ಅಪ್ಪಟ ಬಣ್ಣದ ಬಯಲು, ಮತ್ತು ತೂತು. ಪಕ್ಕನೋಟದ ಮುಖ, ಒಂದೇ ದೊಡ್ಡ ಕಣ್ಣು, ತಲೆಯ ಮೇಲೆ ಸುತ್ತಿ ಬರುವ ಬಾಲ, ಇವೆಲ್ಲ ದೂರದ ಬಟ್ಟೆಯ ಮೇಲೆ ಮಬ್ಬು ದೀಪದಲ್ಲಿ ಹನುಮನನ್ನು ತಕ್ಷಣ ಗುರುತಿಸಲು ಕಂಡುಕೊಂಡ ಉಪಾಯಗಳು. ಒಡವೆ, ಕಿರೀಟಗಳಿಗೆ ಉಳಿಯ ತೂತು ಏಕೆ ಅಂದರೆ, ಅಲ್ಲಿ ಬಣ್ಣದ ಬದಲು ದೀಪವೇ ನೇರವಾಗಿ ಹೊಳೆಯಲಿ ಎಂದು. ತೂತು ತೂತಿನ ನಡುವೆ ಸಾಕಷ್ಟು ತೊಗಲು ಬಿಡದಿದ್ದರೆ ಹರಿಯುತ್ತದೆ, ಹಾಗಾಗಿ ಆಭರಣದ ವಿನ್ಯಾಸವನ್ನೂ ಅರ್ಧ ಉಳಿಯೇ ತೀರ್ಮಾನಿಸುತ್ತದೆ.

ಎರಡನೆಯ ಮಾದರಿಗೆ ಸೊಸೆ ತಮ್ಮ ಎಂದಿನ ಪುಡಿ ಬಣ್ಣ ತೆಗೆದರು. ಹಿಂದೆ ನೀಲಿ, ಅರಗಿನ ಕೆಂಪು, ದೀಪದ ಕಾಡಿಗೆ ಬಳಸುತ್ತಿದ್ದರಂತೆ. ಈಗ ಕಿರಾಣಿ ಅಂಗಡಿಯ ರಾಸಾಯನಿಕ ಬಣ್ಣ. ನೀರಿನಲ್ಲಿ ಕರಗುವ ಈ ಬಣ್ಣ ತೊಗಲಿನೊಳಗೆ ಇಳಿಯುತ್ತದೆ, ಎರಡೂ ಬದಿಗೆ ಹಚ್ಚಿದರೆ ಬೆಳಕಿಗೆ ಮಾಣಿಕ್ಯದಂತೆ ಹೊತ್ತಿಕೊಳ್ಳುತ್ತದೆ. ಹಳದಿಗೆ ಬಣ್ಣವೇ ಬೇಡ, ಬರಿ ತೊಗಲು ಸಾಕು. ಬಲ್ಬಿನ ಮುಂದೆ ಇಟ್ಟಾಗ ವಿನ್ಯಾಸಕಿ ತಮ್ಮ ನಕ್ಷೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಹುಬ್ಬುಗಂಟಿನ ಹನುಮನ ಮಾತು ಮತ್ತೆ ಬರಲಿಲ್ಲ.

ಗೋಡೆ ಬದಲಾಯಿತು

ಇಲ್ಲಿಂದ ತಿರುವು. ಚಿತ್ರ ಬದಲಾಗದು ಎಂದಾದ ಮೇಲೆ ಬದಲಾಗಬೇಕಾದದ್ದು ಗೋಡೆ. ವಿನ್ಯಾಸಕಿ ಗೋಡೆಯನ್ನು ಮುಂದಕ್ಕೆ ತಂದು ಆಳವಾದ ಪೆಟ್ಟಿಗೆಯಂತೆ ಕಟ್ಟಿಸಿದರು. ಹಿಂದೆ ಎಲ್‌ಇಡಿ ಪಟ್ಟಿ, ಅದರ ಮುಂದೆ ಹಾಲುಬಣ್ಣದ ಹಾಳೆ, ಆಮೇಲೆ ತೊಗಲು.

ಮೊದಲು ಹಾಕಿದ್ದು ಆಫೀಸುಗಳಲ್ಲಿರುವ ಬಿಳಿನೀಲಿ ಎಲ್‌ಇಡಿ. ತೊಗಲಿನ ಜೇನುಬಣ್ಣ ಸತ್ತುಹೋಯಿತು, ಕೆಂಪು ಹಳಸಿದಂತೆ ಕಂಡಿತು. ಔಡಲೆಣ್ಣೆಯ ದೀಪಕ್ಕೆಂದು ಹೊಂದಿಸಿದ ಬಣ್ಣಗಳಿವು. ಹಳದಿ ಛಾಯೆಯ ಎಲ್‌ಇಡಿ ಹಾಕಿದ ಮೇಲೆ ಸರಿಹೋಯಿತು.

ಅಂಟಿಸುವ ವಿಷಯದಲ್ಲಿ ದೊಡ್ಡ ಪೆಟ್ಟು ಬಿತ್ತು. ಬಿದಿರ ಕಡ್ಡಿ ಕಾಣಬಾರದೆಂದು ಅಶೋಕವನದ ದೃಶ್ಯವನ್ನು ಕಡ್ಡಿಯಿಲ್ಲದೆ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿದ್ದರು. ಎಸಿ ಓಡಿದ ಕೆಲವೇ ದಿನಗಳಲ್ಲಿ ತೊಗಲು ಬಿಗಿದು, ಅಂಚು ಕಿತ್ತು, ಶಿಂಶಪಾ ವೃಕ್ಷ ಬೆನ್ನು ಬಗ್ಗಿಸಿತು. ಹದ ಮಾಡದ ತೊಗಲು ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಮಳೆಗಾಲಕ್ಕೆ ಸಡಿಲ, ಒಣಹವೆಗೆ ಬಿಗಿ. ನಾಲ್ಕೂ ಕಡೆ ಹಿಡಿದು ಕಟ್ಟಿದರೆ ಎಲ್ಲೋ ಒಂದು ಕಡೆ ಬಿಡಿಸಿಕೊಂಡೇ ತೀರುತ್ತದೆ. ಸೊಸೆ ಸೀಳಿದ ಬಿದಿರನ್ನು ನಡುಬೆನ್ನಿಗೆ ಕಟ್ಟಿ, ಮೇಲಿನಿಂದ ಮಾತ್ರ ಇಳಿಬಿಟ್ಟರು. ಬಿದಿರಿನ ಗೆರೆ ಚಿತ್ರದ ನಡುವೆ ಕಪ್ಪಗೆ ಕಾಣುತ್ತದೆ, ನಿಜ. ಆಟದ ಪರದೆಯ ಮೇಲೂ ಕಾಣುತ್ತದೆ. ಯಾವ ಅತಿಥಿಯೂ ಅದರ ಬಗ್ಗೆ ದೂರಿದ್ದು ನನಗೆ ಗೊತ್ತಿಲ್ಲ.

ಮುಂದೆ ಬಟ್ಟೆ ಬೇಕೋ ಬೇಡವೋ ಎಂಬ ಜಗಳ ಇವೆಲ್ಲಕ್ಕಿಂತ ಹೆಚ್ಚು ದಿನ ನಡೆಯಿತು. ಅಜ್ಜನಿಗೆ ಬಟ್ಟೆಯಿಲ್ಲದ ಗೊಂಬೆ ಅಂದರೆ ಬಣ್ಣ ಹಚ್ಚಿಕೊಳ್ಳುವ ಮನೆಯಲ್ಲಿ ನಟನನ್ನು ನೋಡಿದ ಹಾಗೆ. ವಿನ್ಯಾಸಕಿಯ ವಾದವೂ ಗಟ್ಟಿಯೇ: ‘ಬಟ್ಟೆ ಮುಂದಿದ್ದರೆ ಜನ ಇದನ್ನು ಪ್ರಿಂಟು ಅಂದುಕೊಳ್ಳುತ್ತಾರೆ. ಇಷ್ಟು ಉಳಿ ಕೆಲಸ ಮಾಡಿದ್ದು ಯಾರಿಗೆ ತಿಳಿಯಬೇಕು?’ ಇದಕ್ಕೆ ದಾರಿ ಸಿಕ್ಕಿದ್ದು ಇನ್ನೊಂದು ಚಿಂತೆಯಿಂದ. ಕರಗುವ ಬಣ್ಣಗಳು ಬೆಳಕಿಗೆ ಬಿಳಚುತ್ತವೆ. ಇಂಥ ನಾಜೂಕು ವಸ್ತುಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ 50 ಲಕ್ಸ್‌ನಷ್ಟು ಮಂದ ಬೆಳಕು ಮಾತ್ರ ಇಡುವುದು ರೂಢಿ. ಇಲ್ಲಿಯೋ, ಬೆಳಕಿನ ಪೆಟ್ಟಿಗೆಯ ಮುಂದೆಯೇ ತೂಗುಹಾಕಿದ್ದೇವೆ. ದಿನವಿಡೀ ಉರಿಸಿದರೆ ಕೆಂಪು ಎಷ್ಟು ಕಾಲ ಬಾಳೀತು? ಹಾಗಾಗಿ ಸಂಜೆ ಎರಡು ಗಂಟೆ ಮಾತ್ರ ದೀಪ, ದೀಪ ಹತ್ತಿದಾಗ ಬಟ್ಟೆ ಇಳಿಯುತ್ತದೆ ಎಂದು ತೀರ್ಮಾನವಾಯಿತು. ಹಗಲು ಬಟ್ಟೆ ಮೇಲಿರುತ್ತದೆ, ಬೇಕಾದವರು ಹತ್ತಿರ ಹೋಗಿ ತೊಗಲು, ಉಳಿಗುರುತು, ಬಿದಿರು ನೋಡಬಹುದು. ಇಬ್ಬರಿಗೂ ಅರ್ಧರ್ಧ ಸಿಕ್ಕಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಜಾಣತನದ್ದು ಅನ್ನಿಸಿದ ನಿರ್ಧಾರ ಇದು. ಹೊಳೆದದ್ದು ಮಾತ್ರ ಬಣ್ಣ ಮಾಸುವ ಹೆದರಿಕೆಯಲ್ಲಿ.

ಹಳೆಯ ರಾವಣ

ಕೆಲಸ ಅರ್ಧ ಆಗಿದ್ದಾಗ ಹೋಟೆಲಿನ ಮಾಲೀಕರು ಒಮ್ಮೆ ಮನೆಗೆ ಬಂದರು. ಪೆಟ್ಟಿಗೆ ತೆರೆಸಿ ನೋಡಿದರು. ತಳದಲ್ಲಿ ರಾವಣನಿದ್ದ. ನಡುವಿನ ಮುಖ ನೇರ, ಅಕ್ಕಪಕ್ಕದ ತಲೆಗಳೆಲ್ಲ ಪಕ್ಕನೋಟ, ಇಪ್ಪತ್ತು ಕೈಗಳು ಬೀಸಣಿಗೆಯಾಗಿ ಹರಡಿದ್ದವು. ಬಣ್ಣ ಎಣ್ಣೆಹೊಗೆಯಲ್ಲಿ ಮಾಗಿ ಕಡುಗೆಂಪಾಗಿತ್ತು. ಗೋಡೆಯ ರಾವಣನ ಸಭೆಗೆ ಇದನ್ನೇ ಕೊಡಿ ಎಂದರು. ಹೇಳಿದ ಬೆಲೆ ಇಡೀ ಗೋಡೆಯ ಕೂಲಿಗಿಂತ ಹೆಚ್ಚು.

ಇಂಥ ಹೊತ್ತಿನಲ್ಲಿ ಹಿರಿಯರು ‘ದೇವರಂಥದ್ದು, ಕೊಡುವುದಿಲ್ಲ’ ಅನ್ನುತ್ತಾರೆ, ಕಿರಿಯರು ಮಾರೋಣ ಅನ್ನುತ್ತಾರೆ ಎಂದು ನಾವು ಮೊದಲೇ ಕಥೆ ಬರೆದುಕೊಂಡಿರುತ್ತೇವೆ. ನಡೆದದ್ದು ಬೇರೆ. ಅಜ್ಜ ಸುಮ್ಮನೆ ಕೂತರು. ಹರಿದುಹೋದ ಗೊಂಬೆಗಳನ್ನು ಪೂಜೆ ಮಾಡಿ ಹೊಳೆಗೆ ಬಿಡುವ ಪದ್ಧತಿ ಅವರಲ್ಲಿ ಇದ್ದೇ ಇದೆ. ಒಂದಲ್ಲ ಒಂದು ದಿನ ಈ ರಾವಣನೂ ನೀರಿಗೆ ಹೋಗತಕ್ಕವನೇ, ಹಾಗಿರುವಾಗ ಹೋಟೆಲಿಗೆ ಹೋದರೇನು ಎಂಬ ಧಾಟಿ. ಅಡ್ಡ ಬಂದವರು ಸೊಸೆ.

‘ಮಾವಾರ, ಅದು ಹೋದ್ರ ನಾ ಯಾವುದರ ಮ್ಯಾಲ ತೊಗಲ ಹಾಸಿ ಬರೀಲಿ?’

ಆ ಪ್ರಶ್ನೆ ಕೇಳುವವರೆಗೆ ವಿನ್ಯಾಸಕಿಗಾಗಲಿ ಮಾಲೀಕರಿಗಾಗಲಿ ಆ ಮನೆಯ ಕೆಲಸದ ಕೀಲು ತಿಳಿದಿರಲಿಲ್ಲ. ಹೊಸ ತೊಗಲು ಅರೆಪಾರದರ್ಶಕ. ಅದನ್ನು ಹಳೆಯ ಗೊಂಬೆಯ ಮೇಲೆ ಹಾಸಿದರೆ ಕೆಳಗಿನ ಗೆರೆ ಕಾಣುತ್ತದೆ. ಮೊಳೆಯಿಂದಲೋ ಪೆನ್ಸಿಲಿನಿಂದಲೋ ಗೀರಿ ಎತ್ತಿಕೊಳ್ಳುತ್ತಾರೆ. ಅವರ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಹೀಗೇ. ಹಾಗೆಂದು ನಕಲಲ್ಲ. ಎತ್ತಿಕೊಳ್ಳುವಾಗ ಪ್ರತಿ ಕೈಯೂ ಒಂದಷ್ಟು ಬದಲಾಯಿಸುತ್ತದೆ, ಸೀರೆಯ ಅಂಚಿಗೆ ತನ್ನ ಕಾಲದ ಹೂವು ಹಾಕುತ್ತದೆ. ಆದರೆ ಹತ್ತು ತಲೆ ಇಪ್ಪತ್ತು ಕೈಗಳನ್ನು ಒಂದು ಹಲಗೆಯಷ್ಟು ಜಾಗದಲ್ಲಿ ಒಂದಕ್ಕೊಂದು ತಾಗದೆ ಕೂರಿಸುವ ಲೆಕ್ಕ ಆ ಹಳೆಯ ತೊಗಲಿನಲ್ಲಿ ಮಾತ್ರ ಇತ್ತು. ಗೋಡೆಗೆ ಬರಬೇಕಿದ್ದ ಹೊಸ ರಾವಣನೂ ಅದರ ಮೇಲೆಯೇ ಹುಟ್ಟಬೇಕಿತ್ತು. ಮಾಲೀಕರು ಕೇಳಿದ್ದು ಬಿತ್ತನೆಯ ಬೀಜವನ್ನು.

ಮೊಮ್ಮಗ ಬಿಡಲಿಲ್ಲ. ಫೋಟೊ ತೆಗೆದು ದೊಡ್ಡದಾಗಿ ಪ್ರಿಂಟು ಹಾಕಿಸಿದರೆ ಸಾಕಲ್ಲ ಎಂದ. ಬ್ಯಾನರ್ ಅಂಗಡಿಯವನ ಮಾತು, ಸುಳ್ಳಲ್ಲ. ಸೊಸೆಯೂ ಯೋಚನೆಗೆ ಬಿದ್ದರು. ಮಾತು ಮುರಿದದ್ದು ಅಜ್ಜನಿಂದಲೇ, ಅದೂ ಹೆಮ್ಮೆಯಿಂದ. ‘ಜಿಂಕಿ ತೊಗಲಪಾ ಅದು. ಆಡಿಂದಾಗಿದ್ರ ಇಷ್ಟ ದಿನ ತಡೀತಿತ್ತೇನು?’ ಮಾಲೀಕರ ಜೊತೆ ಬಂದಿದ್ದ ಲೆಕ್ಕಪತ್ರದವರ ಮುಖ ಬಿಳಿಚಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಚರ್ಮದ ವಸ್ತುವನ್ನು ಹೀಗೆ ಮಾರುವುದೂ ಕೊಳ್ಳುವುದೂ ಅಪರಾಧ. ಅಜ್ಜನ ಅಪ್ಪನ ಕಾಲದ್ದು ಎಂದ ಮಾತ್ರಕ್ಕೆ ಸ್ವಾಗತ ಕೋಣೆಯಲ್ಲಿ ತೂಗುಹಾಕಲು ಬರುವುದಿಲ್ಲ. ಚಹಾ ಕುಡಿದು ಎದ್ದರು. ಹಳೆಯ ಗೊಂಬೆ ಕೊಳ್ಳಲು ಹೊರಡುವ ಸಂಗ್ರಾಹಕರು ಯೋಚಿಸುವುದು ಬಹುಶಃ ಎಲ್ಲಕ್ಕಿಂತ ಕಡಿಮೆ ಈ ಕಾಯ್ದೆಯ ಬಗ್ಗೆಯೇ.

ಆ ದಿನದಿಂದ ಒಂದು ಒಳ್ಳೆಯ ಕೆಲಸ ಶುರುವಾಯಿತು. ಪೆಟ್ಟಿಗೆಯ ಪ್ರತಿ ಗೊಂಬೆಯ ಗೆರೆಯನ್ನೂ ಮೊಮ್ಮಗ ಟ್ರೇಸಿಂಗ್ ಹಾಳೆಗೆ ಎತ್ತಿ, ಪ್ರಸಂಗ, ಪಾತ್ರ, ಯಾವ ಬಣ್ಣ ಎಲ್ಲಿ ಎಂದು ಅಮ್ಮನ ಬಾಯಿಂದ ಕೇಳಿ ಬರೆದಿಟ್ಟ. ಹುಡುಗ ಪೆಟ್ಟಿಗೆಯೊಳಗೆ ಕೈಯಿಟ್ಟು ಕೂತದ್ದು ಬುದ್ಧಿ ಬಂದ ಮೇಲೆ ಅದೇ ಮೊದಲು ಎಂದು ಸೊಸೆ ಹೇಳಿದರು. ಅವನಿಗೆ ಕೂಲಿಯನ್ನು ಹೋಟೆಲಿನವರಿಂದಲೇ ಕೊಡಿಸಲು ವಿನ್ಯಾಸಕಿ ಒಪ್ಪಿಸಿದರು.

ಬಾಲದ ಸಿಂಹಾಸನ, ಮೂಲೆಯ ಕಿಳ್ಳೇಕ್ಯಾತ

ಚಿತ್ರದ ವಿಷಯದ ಮೇಲೆ ಎದ್ದ ತಕರಾರು ಎರಡೇ. ರಾವಣ ಆಸನ ಕೊಡದಿದ್ದಾಗ ಹನುಮ ತನ್ನ ಬಾಲವನ್ನೇ ಸುರುಳಿ ಸುತ್ತಿ, ರಾವಣನ ಸಿಂಹಾಸನಕ್ಕಿಂತ ಎತ್ತರವಾಗಿ ಕೂರುವ ದೃಶ್ಯ ಈ ಮನೆಯ ಆಟದಲ್ಲಿದೆ. ಮಾಲೀಕರ ಮನೆಯ ಪುರೋಹಿತರು ಇದು ವಾಲ್ಮೀಕಿಯಲ್ಲಿಲ್ಲ ಎಂದರು. ಇಲ್ಲ, ನಿಜ. ಆದರೆ ಜನರ ರಾಮಾಯಣದಲ್ಲಿ ಅದಿಲ್ಲದ ರಾವಣನ ಸಭೆ ಇದೆಯೇ? ಅಜ್ಜ ವಾದಿಸಲಿಲ್ಲ, ಆ ಭಾಗದ ಹಾಡು ಹೇಳಿದರು. ಪುರೋಹಿತರು ಕೇಳಿ, ‘ಇರಲಿ ಬಿಡಿ, ಚಂದ ಇದೆ’ ಎಂದರು.

ಎರಡನೆಯದು ಅಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಗಣಪತಿ, ಶಾರದೆಯ ಸ್ತುತಿ ಮುಗಿದ ಮೇಲೆ ಪರದೆಗೆ ಬರುವುದು ಹಾಸ್ಯದ ಜೋಡಿ, ಸಮುದಾಯದ ಹೆಸರನ್ನೇ ಹೊತ್ತ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಕರಿಮೈ, ಡೊಳ್ಳುಹೊಟ್ಟೆ, ಪೋಲಿಮಾತು. ಅವರಿಲ್ಲದೆ ಆಟವೇ ಕಟ್ಟುವುದಿಲ್ಲ ಎಂದು ಅಜ್ಜ, ದೇವರ ಗೋಡೆಯ ಮೇಲೆ ಆ ಅಶ್ಲೀಲ ಬೇಡ ಎಂದು ಮಾಲೀಕರು. ಕೊನೆಗೆ ಕಿಳ್ಳೇಕ್ಯಾತನಿಗೆ ಸೊಸೆ ಧೋತರ ಉಡಿಸಿದರು, ಬಂಗಾರಕ್ಕನಿಗೆ ಸೆರಗು ಹೊದಿಸಿದರು, ಲಿಫ್ಟಿನ ಪಕ್ಕದ ಮೂಲೆಯಲ್ಲಿ ಅರ್ಧ ಅಳತೆಗೆ ಇಟ್ಟರು. ನನ್ನ ಅಭಿಪ್ರಾಯದಲ್ಲಿ ಇದು ಸೋಲು. ಆ ಜೋಡಿಯ ಬಾಯಿಯೇ ಈ ಆಟದ ಜೀವ, ಮಹಾಕಾವ್ಯವನ್ನು ಹಳ್ಳಿಯ ಕಟ್ಟೆಗೆ ಎಳೆದು ತರುವವರು ಅವರೇ. ಧೋತರದ ಕಿಳ್ಳೇಕ್ಯಾತ ಯಾರೋ ಬೇರೆಯವನಂತೆ ಕಾಣುತ್ತಾನೆ. ಅಜ್ಜನಿಗೆ ಮಾತ್ರ ಅಷ್ಟು ಬೇಸರವಿರಲಿಲ್ಲ. ಮಕ್ಕಳು ಮೊದಲು ಓಡಿಹೋಗಿ ನಿಲ್ಲುವುದು ಆ ಮೂಲೆಗೇ ಎಂದು ಹೇಳಿಕೊಂಡು ನಗುತ್ತಾರೆ.

ಆಮೇಲೆ ಏನಾಯಿತು

ಗೋಡೆ ನಿಂತಿದೆ, ಹೋಟೆಲಿನವರಿಗೆ ಖುಷಿಯಿದೆ. ಸಂಜೆಯ ದೀಪದ ಹೊತ್ತಿಗೆ ತಿಂಗಳಿಗೊಮ್ಮೆ ಅಜ್ಜನನ್ನು ಕರೆಸಿ ಹಾಡಿಸುವ ಏರ್ಪಾಟೂ ಆಯಿತು. ಆದರೆ ಮದುವೆಗಳ ಕಾಲ ಬಂದಾಗ ಅಲ್ಲಿಯ ಸಿಬ್ಬಂದಿ ಬೆಳಗಿನಿಂದ ನಡುರಾತ್ರಿಯವರೆಗೆ ದೀಪ ಉರಿಸಿದರು, ಬಟ್ಟೆ ಮೇಲೇ ಇತ್ತು. ಲಂಕಾದಹನದ ಜ್ವಾಲೆಯ ಕೆಂಪು ಕಣ್ಣಿಗೆ ಕಾಣುವಷ್ಟು ಬಿಳಚಿತು. ಇದನ್ನು ಮೊದಲೇ ಊಹಿಸಿದ್ದವರು ಸೊಸೆ. ವರ್ಷಕ್ಕೊಮ್ಮೆ ಬಣ್ಣ ತುಂಬಿಕೊಡುವುದು, ಅದಕ್ಕೆ ಬೇರೆ ಕೂಲಿ ಎಂದು ಒಪ್ಪಂದದಲ್ಲಿ ಬರೆಸಲು ಪಟ್ಟು ಹಿಡಿದಿದ್ದರು. ಆಗ ನಮಗೆಲ್ಲ ಅದು ಹೆಚ್ಚಾಯಿತು ಅನ್ನಿಸಿತ್ತು. ತೂಗುಬಿಟ್ಟದ್ದರಿಂದ ಬಿಚ್ಚಿ ಇಳಿಸುವುದು ಕಷ್ಟವಾಗಲಿಲ್ಲ. ಅಂಟಿಸಿದ್ದರೆ ಹೊಸದಾಗಿ ಮಾಡಬೇಕಾಗುತ್ತಿತ್ತು. ಈಗ ದೀಪಕ್ಕೆ ಟೈಮರ್ ಕೂರಿಸಿ ಬೀಗ ಹಾಕಿದ್ದಾರೆ.

ಮೊಮ್ಮಗ ಬ್ಯಾನರ್ ಅಂಗಡಿ ಬಿಟ್ಟಿಲ್ಲ, ಬಿಡುವ ಅಗತ್ಯವೂ ಇಲ್ಲ. ಗೋಡೆಗೆ ಕೆಲಸ ಸಿಗುವುದು ವರ್ಷಕ್ಕೊಂದೋ ಎರಡೋ. ಅಮ್ಮನ ಜೊತೆ ಮೈರಾವಣನ ಕಾಳಗದ ಹೊಸ ಗೊಂಬೆಗಳನ್ನು ಮಾಡುತ್ತಿದ್ದಾನೆ. ಅದು ಯಾವ ಗೋಡೆಗೂ ಅಲ್ಲ, ಆಟಕ್ಕೆ.

ಇದರಿಂದ ಕಲಿಯಬಹುದಾದದ್ದು

ಇಂಥ ಕೆಲಸಕ್ಕೆ ಇಳಿಯುವ ವಿನ್ಯಾಸಕರು, ವಾಸ್ತುಶಿಲ್ಪಿಗಳು ಮೊದಲು ಕೇಳಬೇಕಾದದ್ದು ‘ಯಾವ ಪ್ರಸಂಗ’ ಎಂಬುದನ್ನಲ್ಲ. ಚಿತ್ರಕ್ಕೂ ನೋಡುವವರಿಗೂ ಬೆಳಕಿಗೂ ಇರುವ ಸಂಬಂಧ ಏನು ಎಂಬುದನ್ನು. ಮೈಸೂರು ಶೈಲಿಯ ಚಿನ್ನದ ರೇಖೆಗೆ ಮುಂದಿನಿಂದ, ಓರೆಯಾಗಿ ಬೀಳುವ ಬೆಳಕು ಬೇಕು. ಒಡಿಶಾದ ನೆರಳುಗೊಂಬೆಯಾಟ ರಾವಣಛಾಯಾದಲ್ಲಿ ಬಣ್ಣವೇ ಇಲ್ಲ, ಬರಿ ಕರಿನೆರಳು. ಎಲ್ಲವೂ ರಾಮಾಯಣವೇ, ಆದರೆ ಒಂದರ ಗೋಡೆ ಇನ್ನೊಂದಕ್ಕೆ ಒಗ್ಗದು. ಇಲ್ಲಿ ವಿನ್ಯಾಸಕಿಯ ದೊಡ್ಡತನ ಅಂದರೆ, ಮೊದಲ ಮಾದರಿ ಸೋತು ಎರಡನೆಯದು ಗೆದ್ದ ಕೂಡಲೇ ಗೋಡೆಯ ನಕ್ಷೆಯನ್ನೇ ಕೈಬಿಟ್ಟದ್ದು. ಗೋಡೆ ಒಡೆಯುವ ಖರ್ಚಿಗೆ ಹೆದರಿ ಚಿತ್ರವನ್ನೇ ತಿದ್ದಲು ಹೋಗುವುದೇ ಹೆಚ್ಚು ಕಡೆ ನಾನು ಕಂಡದ್ದು.

ಮಾದರಿಯನ್ನು ಮಾಡಿದ ಜಾಗದಲ್ಲಿ ನೋಡಿ ಒಪ್ಪಬಾರದು, ತೂಗುವ ಜಾಗದಲ್ಲಿ, ತೂಗುವ ದೀಪದಲ್ಲಿ, ಅಲ್ಲಿಯ ಹವೆಯಲ್ಲಿ ಕೆಲವು ವಾರ ಇಟ್ಟು ನೋಡಬೇಕು. ಬೆಲೆಯಲ್ಲಿ ಹಾಳಾಗುವ ತೊಗಲಿನ ಲೆಕ್ಕ ಸೇರಬೇಕು. ಮನೆಯಲ್ಲಿ ಮಾತಾಡುವವರು ಯಾರು ಎಂಬುದೊಂದು, ಕೈಕೆಲಸ ಗೊತ್ತಿರುವವರು ಯಾರು ಎಂಬುದು ಇನ್ನೊಂದು. ಮೊದಲ ಸಭೆಗಳಲ್ಲಿ ಚಾಪೆಯ ಮೇಲೆ ಕೂತವರು ಅಜ್ಜ ಮತ್ತು ಮೊಮ್ಮಗ, ಸೊಸೆ ಚಹಾ ಕೊಟ್ಟು ಬಾಗಿಲ ಬಳಿ ನಿಲ್ಲುತ್ತಿದ್ದರು. ಬಣ್ಣ, ಬಿದಿರು, ರಾವಣ, ವರ್ಷದ ದುರಸ್ತಿ, ಸರಿಹೋದ ನಾಲ್ಕೂ ತೀರ್ಮಾನ ಬಂದದ್ದು ಬಾಗಿಲ ಬಳಿಯಿಂದ. ಒಪ್ಪಂದದ ಕಾಗದದಲ್ಲಿ ಈಗ ಅವರ ಹೆಸರೂ ಇದೆ, ದುರಸ್ತಿಯ ಕೂಲಿ ಅವರ ಖಾತೆಗೇ ಹೋಗುತ್ತದೆ.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಹೋಟೆಲಿನವರು ಬಾಲದ ಸಿಂಹಾಸನದ ಹನುಮನನ್ನು ತಮ್ಮ ಮೆನು ಪುಸ್ತಕದ ಮೇಲೆ, ಕೋಣೆಯ ಬೀಗದ ಕಾರ್ಡುಗಳ ಮೇಲೆ ಅಚ್ಚು ಹಾಕಿಸಿಕೊಂಡಿದ್ದಾರೆ. ಗೋಡೆಯ ಚಿತ್ರಕ್ಕೆ ಹಣ ಕೊಟ್ಟಿದ್ದೇವಲ್ಲ ಎಂಬುದು ಅವರ ಮಾತು. ಕೊಟ್ಟದ್ದು ಆ ಒಂದು ತೊಗಲಿಗೆ, ಗೆರೆ ಪೆಟ್ಟಿಗೆಯದು ಎಂಬುದು ಸೊಸೆಯ ಮಾತು. ಮುದ್ರಣದ ಹಕ್ಕಿನ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ. ಮಾತುಕತೆ ನಡೆದಿದೆ. ಈ ನಡುವೆ ಬಂದ ಇನ್ನೊಂದು ಕೆಲಸದ ಕಾಗದದಲ್ಲಿ ಮೊಮ್ಮಗ ಆ ಸಾಲನ್ನು ತಾನೇ ಬರೆದು ಸೇರಿಸಿದ್ದಾನೆ.